ಅರುವತ್ತೊಂದನೆಯ ಎಲೆ



ಸ್ಮರಣ ಸಂಚಿಕೆಯ ಸಮಿತಿಯವರು ಪ್ರತಿ ಸಾರಿಯೂ ನಮ್ಮಿಂದ ಒಂದು ಲೇಖನವನ್ನು ಕೇಳಿ ಪಡೆಯುವ ವಾಡಿಕೆಯುಂಟು. ನಾವೂ ಕಟ್ಟಡದ ವಿಷಯವನ್ನೋ, ಪರೀಕ್ಷೆಯ ಫಲಿತಾಂಶವನ್ನೋ, ಹೊಲಿಗೆ ಕಸೂತಿಗಳಲ್ಲಿ ದೊರೆತ ಬಹುಮಾನಗಳನ್ನೋ ಕುರಿತು ನಾಲ್ಕು ಪುಟ ಬರೆದೊಪ್ಪಿಸಿ ಕೈ ತೊಳೆದುಕೊಂಡದ್ದುಂಟು. ಈ ಸಾರಿ ಹಾಗೆ ಮಾಡಲು ಮನಸ್ಸೊಪ್ಪಲಿಲ್ಲ. ನಮ್ಮ ಕಚೇರಿಯ ಬೀರುವಿನಲ್ಲಿ ಬೀಗದೊಳಗಿದ್ದ ಒಂದು ತಗಡಿನ ಡಬ್ಬಿಯ ವಿಷಯವಾಗಿಯೂ, ಅದು ನಮಗೆ ಕಲಿಸಿದ ಒಂದು ಪಾಠದ ವಿಷಯವಾಗಿಯೂ ಬರೆಯುತ್ತೇವೆ. ಮುಖ್ಯೋಪಾಧ್ಯಾಯಿನಿಯಾದವಳು ಎಲೆಯಾಟದ ವಿಷಯ ಬರೆಯುವದೇ ಎಂದು ಹಿರಿಯರು ಯಾರಾದರೂ ಹುಬ್ಬು ಗಂಟಿಕ್ಕಿದರೆ, ದಯವಿಟ್ಟು ಕೊನೆಯವರೆಗೆ ಓದಿ ಆಮೇಲೆ ನಮ್ಮನ್ನು ಗದರಿಸಬೇಕೆಂದು ಬೇಡಿಕೊಳ್ಳುತ್ತೇವೆ.

ಈಗ್ಗೆ ಮೂರು ವರ್ಷಗಳ ಹಿಂದೆ, ಆಷಾಢದ ಮಳೆ ಬಿಡದೆ ಹೊಯ್ಯುತ್ತಿದ್ದ ಒಂದು ಸಂಜೆ, ಹಾಸ್ಟೆಲಿನ ಮೇಟ್ರನ್ನರು ಒಂಭತ್ತನೆಯ ತರಗತಿಯ ಒಬ್ಬ ಹುಡುಗಿಯ ಟ್ರಂಕಿನಲ್ಲಿ ಸಿಕ್ಕಿದ ಡಬ್ಬಿಯೊಂದನ್ನು ತಂದು ನಮ್ಮ ಮೇಜಿನ ಮೇಲಿಟ್ಟರು. ತೆರೆದು ನೋಡಿದರೆ ಒಳಗೆ ಪ್ಲಾಸ್ಟಿಕ್ಕಿನ ಲಕೋಟೆಗಳಲ್ಲಿ ಒಂದೊಂದಾಗಿ ಸೇರಿಸಿದ ಚಿತ್ರದ ಎಲೆಗಳು. ಕೆಲವು ಅಚ್ಚಾದವು, ಹೆಚ್ಚಿನವು ನೋಟುಬುಕ್ಕಿನ ಹಾಳೆಯನ್ನು ಅಳತೆಗೆ ಕತ್ತರಿಸಿ, ನೀಲಿ ಮಸಿಯಲ್ಲಿ ಬರೆದು, ಹಳೆಯ ಇಸ್ಪೀಟು ಎಲೆಗಳ ಮೇಲಿಟ್ಟು ಲಕೋಟೆಗೆ ತೂರಿಸಿದವು. ಅವುಗಳ ಹೆಸರುಗಳೋ, ಕತ್ತಲೆ, ಸಂಕಟ, ಪಾತಾಳ ಮುಂತಾದ ಮಾತುಗಳಿಂದಲೇ ತುಂಬಿದ್ದವು. ಮೇಟ್ರನ್ನರು ಎರಡು ಹೆಜ್ಜೆ ಹಿಂದೆ ಸರಿದು ನಿಂತು, “ಇದು ಜೂಜೋ ಮಾಟವೋ ನನಗೆ ತಿಳಿಯದು, ಎರಡರಲ್ಲಿ ಒಂದು ಮಾತ್ರ ಹೌದು” ಎಂದರು. ಹಾಸ್ಟೆಲಿನ ನಿಯಮಗಳಲ್ಲಿ ಎಲೆಯಾಟಕ್ಕೆ ಅವಕಾಶವಿಲ್ಲ. ಆದಕಾರಣ ನಾವು ಹೆಚ್ಚು ವಿಚಾರಿಸದೆ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆವು.

ಮರುದಿನ ಹುಡುಗಿ ಬಾಗಿಲ ಬಳಿ ಬಂದು ನಿಂತಳು. ಅಳಲಿಲ್ಲ, ಕ್ಷಮೆಯನ್ನೂ ಕೇಳಲಿಲ್ಲ. “ಟೀಚರ್, ಡಬ್ಬಿ ನಿಮ್ಮಲ್ಲೇ ಇರಲಿ. ಆದರೆ ಮಳೆಗಾಲದಲ್ಲಿ ಎಲೆಗಳು ಬಾಗುತ್ತವೆ. ಒಂದು ಚಿಟಿಕೆ ಅಕ್ಕಿಯನ್ನು ಬಟ್ಟೆಯಲ್ಲಿ ಕಟ್ಟಿ ಒಳಗಿಟ್ಟರೆ ಸಾಕು” ಎಂದಳು. ವಸ್ತುವನ್ನು ಮರಳಿ ಬೇಡದೆ ಅದರ ಕ್ಷೇಮವನ್ನು ಮಾತ್ರ ಬೇಡುವ ಮಗುವನ್ನು ನಾವು ಅದುವರೆಗೆ ಕಂಡಿರಲಿಲ್ಲ. “ಕೂತುಕೋ, ಇದೇನೆಂಬದನ್ನು ಮೊದಲಿನಿಂದ ಹೇಳು” ಎಂದೆವು.

ಅವಳ ಅಣ್ಣ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುವವನು. ರಜೆಯಲ್ಲಿ ಮನೆಗೆ ಬಂದಾಗ ತಂಗಿಗೆ ಈ ಆಟವನ್ನು ಕಲಿಸಿದ್ದನು. ಇದರ ಹೆಸರು ‘ಮ್ಯಾಜಿಕ್: ದ ಗ್ಯಾದರಿಂಗ್’. ಇದನ್ನು ರಚಿಸಿದವರು ರಿಚರ್ಡ್ ಗಾರ್ಫೀಲ್ಡ್ ಎಂಬ ಅಮೇರಿಕದ ಗಣಿತಜ್ಞರು. ಎಣಿಕೆಯ ಗಣಿತದಲ್ಲಿ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಡಾಕ್ಟರೇಟು ಪಡೆದು ಕಾಲೇಜಿನಲ್ಲಿ ಗಣಿತವನ್ನು ಕಲಿಸಿದವರು. ವಿಝಾರ್ಡ್ಸ್ ಆಫ್ ದ ಕೋಸ್ಟ್ ಎಂಬ ಕಂಪೆನಿಯವರು ೧೯೯೩ರಲ್ಲಿ ಇದನ್ನು ಹೊರತಂದರು. ರಚಿಸಿದವರು ಗಣಿತದ ಮೇಷ್ಟ್ರೆಂದು ಕೇಳಿದೊಡನೆ, ಇಪ್ಪತ್ತು ವರ್ಷ ಗಣಿತವನ್ನೇ ಕಲಿಸಿದ ನಮ್ಮ ಕಿವಿ ನಿಮಿರಿತೆಂಬದನ್ನು ಮುಚ್ಚಿಡುವದಿಲ್ಲ.

ಮೇಟ್ರನ್ನರ ಶಂಕೆಯೂ ಪೂರಾ ನಿರಾಧಾರವಾದದ್ದಲ್ಲ. ಮೊದಮೊದಲು ಈ ಆಟದ ನಿಯಮಗಳಲ್ಲಿ ಪ್ರತಿಯೊಬ್ಬ ಆಟಗಾರನೂ ಒಂದೊಂದು ಎಲೆಯನ್ನು ಪಣವಾಗಿಡುವದೂ, ಗೆದ್ದವನು ಎರಡನ್ನೂ ಕೊಂಡೊಯ್ಯುವದೂ ಇತ್ತು. ಆ ಪದ್ಧತಿಯನ್ನು ಆಮೇಲೆ ಕೈಬಿಟ್ಟರು. ಎಲೆಗಳನ್ನು ಒಳಗೇನಿದೆ ಎಂದು ತಿಳಿಯದಂತೆ ಮುಚ್ಚಿದ ಪೊಟ್ಟಣಗಳಲ್ಲಿ ಮಾರುವ ಕ್ರಮವಂತೂ ಇಂದಿಗೂ ಇದೆ. ಮಕ್ಕಳ ಕೈಖರ್ಚಿನ ಹಣವು ಹೀಗೆ ಅದೃಷ್ಟಪರೀಕ್ಷೆಯಲ್ಲಿ ಕರಗುವದನ್ನು ಯಾವ ಪೋಷಕರೂ ಒಪ್ಪಲಾರರು, ನಾವೂ ಒಪ್ಪೆವು. ಆದರೆ ಈ ಹುಡುಗಿ ಪೊಟ್ಟಣಗಳನ್ನು ಕೊಂಡವಳಲ್ಲ. ತನಗೆ ಬೇಕಾದ ಎಲೆಗಳಲ್ಲಿ ಒಂದಾದ ‘ಲಯನ್ಸ್ ಐ ಡೈಮಂಡ್’ ಎಂಬದು ೧೯೯೬ರಲ್ಲಿ ಅಚ್ಚಾದದ್ದು. ಮತ್ತೆಂದೂ ಅಚ್ಚು ಮಾಡೆವೆಂದು ಕಂಪೆನಿಯವರು ಮಾತುಕೊಟ್ಟ ಪಟ್ಟಿಯಲ್ಲಿ ಸೇರಿದ್ದರಿಂದ ಅದರ ಬೆಲೆ ನಮ್ಮಂಥವರ ಕೈಗೆ ಎಟುಕದು. ಅವಳು ಕಾಗದದ ಮೇಲೆ ನಾಲ್ಕು ಸಾರಿ ಅದರ ಹೆಸರನ್ನು ಬರೆದು ನಾಲ್ಕು ವಜ್ರಗಳ ಒಡತಿಯಾಗಿದ್ದಳು. ಕಂಪೆನಿಯ ಅಧಿಕೃತ ಸ್ಪರ್ಧೆಗಳಲ್ಲಿ ಇಂಥಾ ಕೈಬರಹದ ಎಲೆಗಳು ಸಲ್ಲವು; ಗೆಳೆಯರ ನಡುವೆ ಸಲ್ಲುತ್ತವೆ.

ಆಟದ ಸ್ವರೂಪವನ್ನು ಆದಷ್ಟು ಸರಳವಾಗಿ ಹೇಳುತ್ತೇವೆ. ಇಬ್ಬರು ಆಡುವ ಆಟ. ಪ್ರತಿಯೊಬ್ಬರೂ ಕಡಿಮೆಯೆಂದರೆ ೬೦ ಎಲೆಗಳ ತಮ್ಮದೇ ಕಟ್ಟನ್ನು ತರಬೇಕು. ಭೂಮಿಯೆಂಬ ಸಾಧಾರಣ ಎಲೆಗಳ ಹೊರತಾಗಿ ಯಾವ ಎಲೆಯೂ ನಾಲ್ಕಕ್ಕಿಂತ ಹೆಚ್ಚು ಇರಕೂಡದು. ಇಬ್ಬರಿಗೂ ತಲಾ ೨೦ ಜೀವಗಳು. ಎದುರಾಳಿಯ ಜೀವಗಳನ್ನು ಸೊನ್ನೆಗಿಳಿಸಿದವರು ಗೆದ್ದಂತೆ. ಆರಂಭದಲ್ಲಿ ಏಳು ಎಲೆಗಳನ್ನು ಕೈಗೆ ತೆಗೆದುಕೊಂಡು, ಮುಂದೆ ಸರದಿಗೊಂದರಂತೆ ಎತ್ತಿಕೊಳ್ಳುವದು. ಭೂಮಿಯ ಎಲೆಯು ಸರದಿಗೆ ಒಂದು ಅಂಶ ಶಕ್ತಿಯನ್ನು ಕೊಡುತ್ತದೆ. ಆ ಶಕ್ತಿಯನ್ನು ವ್ಯಯಿಸಿ ಉಳಿದ ಎಲೆಗಳನ್ನು ಪ್ರಯೋಗಿಸಬೇಕು. ಸರದಿಗೆ ಒಂದೇ ಭೂಮಿಯನ್ನು ಹೂಡಬಹುದಾದ್ದರಿಂದ ಸಾಮಾನ್ಯ ಗೃಹಸ್ಥರಂತೆ ಆಡುವವರ ಐಶ್ವರ್ಯವು ಮೆಲ್ಲಮೆಲ್ಲನೆ ಬೆಳೆಯುತ್ತದೆ.

ನಮ್ಮ ಹುಡುಗಿಯದು ಅಂಥಾ ಗೃಹಸ್ಥರ ಕಟ್ಟಲ್ಲ. ಎರಡನೆಯ ಇಲ್ಲವೆ ಮೂರನೆಯ ಸರದಿಯಲ್ಲಿಯೇ ಒಂದಕ್ಕೊಂದು ಕೊಂಡಿ ಹಾಕಿದಂತೆ ಎಲೆಗಳನ್ನು ಹೂಡಿ, ಒಂದೇ ಉಸಿರಿನಲ್ಲಿ ಆಟವನ್ನು ಮುಗಿಸುವ ಜೋಡಣೆಯ ಕಟ್ಟು. ‘ಡಾರ್ಕ್ ರಿಚುಯಲ್’ ಎಂಬ ಎಲೆಗೆ ಒಂದು ಅಂಶ ಶಕ್ತಿಯನ್ನು ಕೊಟ್ಟರೆ ಮೂರು ಬರುತ್ತದೆ. ಒಂದು ಭೂಮಿಯಿಂದ ಒಂದು. ಅದನ್ನು ಮೊದಲನೆಯದಕ್ಕೆ ಕೊಟ್ಟರೆ ಮೂರು. ಅದರಲ್ಲೊಂದನ್ನು ಎರಡನೆಯದಕ್ಕೆ ಕೊಟ್ಟರೆ ಐದು. ಮೂರನೆಯದಕ್ಕೆ ಕೊಟ್ಟರೆ ಏಳು. ಕೊನೆಯಲ್ಲಿ ‘ಟೆಂಡ್ರಿಲ್ಸ್ ಆಫ್ ಅಗನಿ’ ಎಂಬ ಎಲೆ. ಅದರ ಬೆಲೆ ನಾಲ್ಕು ಅಂಶ. ಎದುರಾಳಿಯಿಂದ ಕಸಿಯುವದು ಎರಡೇ ಜೀವ. ಇದೇನು ಮಹಾ ಎಂದೀರಿ. ಆದರೆ ೨೦೦೩ರಲ್ಲಿ ಹೊರಬಂದ ಈ ಎಲೆಗೆ ‘ಸ್ಟಾರ್ಮ್’ ಎಂಬ ಒಂದು ಗುಣವಿದೆ: ಅದೇ ಸರದಿಯಲ್ಲಿ ಅದಕ್ಕಿಂತ ಮೊದಲು ಎಷ್ಟು ಪ್ರಯೋಗಗಳು ನಡೆದಿವೆಯೋ ಅಷ್ಟು ಪ್ರತಿಗಳು ಅದಕ್ಕೆ ತಾವಾಗಿಯೇ ಹುಟ್ಟುತ್ತವೆ. ಮೊದಲು ಒಂಭತ್ತು ಪ್ರಯೋಗಗಳಾಗಿದ್ದರೆ ಮೂಲ ಒಂದು, ಪ್ರತಿ ಒಂಭತ್ತು, ಒಟ್ಟು ಹತ್ತು; ಹತ್ತೆರಡಲ ಇಪ್ಪತ್ತು. ಎದುರಾಳಿಯ ಜೀವವೂ ಇಪ್ಪತ್ತೇ. ಮಗ್ಗಿಯನ್ನು ಬಾಯಿಪಾಠ ಮಾಡಲು ಒಲ್ಲದ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಕಾರಣವನ್ನು ನಾವು ಇದುವರೆಗೆ ಒದಗಿಸಿರಲಿಲ್ಲ.

ಇಂಥಾ ವೇಗದ ಕಟ್ಟುಗಳಿಂದ ಆಟವೇ ಕೆಡುವದೂ ಉಂಟು. ೧೯೯೮ರ ಕೊನೆಯಲ್ಲಿ ಹೊರಬಂದ ಕೆಲವು ಎಲೆಗಳಿಂದ ಆಟಗಳು ಎದುರಾಳಿಯು ಕೈ ಆಡಿಸುವ ಮೊದಲೇ ಮುಗಿಯತೊಡಗಿ, ಬಂದವರಿಗೆ ಬೇಸರವಾಗಿ, ಕಂಪೆನಿಯವರು ಆ ಡಿಸೆಂಬರಿನಲ್ಲಿಯೂ ಮರುವರ್ಷದ ಮಾರ್ಚಿಯಲ್ಲಿಯೂ ಹಲವು ಎಲೆಗಳನ್ನು ಸ್ಪರ್ಧೆಗಳಿಂದ ಬಹಿಷ್ಕರಿಸಬೇಕಾಯಿತು. ‘ಮೆಮೊರಿ ಜಾರ್’ ಎಂಬ ಒಂದು ಎಲೆಯಂತೂ ಮಾರುಕಟ್ಟೆಗೆ ಬಂದ ಕೆಲವೇ ವಾರಗಳಲ್ಲಿ ನಿಷಿದ್ಧವಾಯಿತು. ಆ ಚಳಿಗಾಲವನ್ನು ಆಟಗಾರರು ಇಂದಿಗೂ ‘ಕಾಂಬೋ ವಿಂಟರ್’ ಎಂದು ನೆನೆಯುತ್ತಾರೆ.

ಇಷ್ಟನ್ನೂ ಕೇಳಿದ ಮೇಲೆ ನಾವು ಒಂದು ಒಪ್ಪಂದ ಮಾಡಿಕೊಂಡೆವು. ಡಬ್ಬಿ ಬೀರುವಿನಲ್ಲಿಯೇ ಇರತಕ್ಕದ್ದು. ಶನಿವಾರ ಮಧ್ಯಾಹ್ನ, ಪಾಠಗಳು ಮುಗಿದ ಮೇಲೆ, ನಮ್ಮ ಕಚೇರಿಯಲ್ಲಿ ನಮ್ಮ ಕಣ್ಣೆದುರಿಗೆ ಅದನ್ನು ತೆರೆಯತಕ್ಕದ್ದು. ಹಣವಾಗಲಿ ಪಣವಾಗಲಿ ಕೂಡದು. ಪ್ರತಿಯೊಂದು ಕೈಯ ಲೆಕ್ಕವನ್ನೂ ನೋಟುಬುಕ್ಕಿನಲ್ಲಿ ಬರೆದಿಡತಕ್ಕದ್ದು. ದಸರಾ ರಜೆಯಲ್ಲಿ ಅವಳ ಅಣ್ಣನ ಗೆಳೆಯರು ಬೆಂಗಳೂರಿನಲ್ಲಿ ಒಂದು ಸಣ್ಣ ಪಂದ್ಯಕ್ಕಾಗಿ ಸೇರುವವರಿದ್ದರು. ಕೈಬರಹದ ಎಲೆಗಳಿಗೂ ಅಲ್ಲಿ ಅನುಮತಿಯಿತ್ತು. ಅಷ್ಟರೊಳಗೆ ಕಟ್ಟನ್ನು ತಿದ್ದಿ ಹದಗೊಳಿಸಬೇಕೆಂಬದು ಅವಳ ಹಂಬಲ.

ಮೊದಲನೆಯ ಶನಿವಾರ ಐವತ್ತು ಸಾರಿ ಎಲೆಗಳನ್ನು ಕಲಸಿ, ಏಳೇಳು ತೆಗೆದು ನೋಡಿದೆವು. ಹಲವು ಕೈಗಳು ಕೊಂಡಿಯಿಲ್ಲದ ಸರಪಳಿಗಳಂತೆ ಬಿದ್ದವು. ಕಾರಣವನ್ನು ಹುಡುಕಲು ಕಷ್ಟವಾಗಲಿಲ್ಲ. ಆಟವನ್ನು ಮುಗಿಸುವ ‘ಟೆಂಡ್ರಿಲ್ಸ್’ ಎಲೆಯನ್ನು ಅವಳು ನಾಲ್ಕು ಪ್ರತಿ ಇಟ್ಟಿದ್ದಳು, ಅದೇ ಮುಖ್ಯವಾದದ್ದಲ್ಲವೇ ಎಂಬ ಯೋಚನೆಯಿಂದ. ೬೦ ಎಲೆಗಳಲ್ಲಿ ಒಂದು ಎಲೆ ನಾಲ್ಕು ಪ್ರತಿ ಇದ್ದರೆ ಮೊದಲ ಏಳರಲ್ಲಿ ಒಂದಾದರೂ ಬರುವ ಸಂಭವ ನೂರಕ್ಕೆ ೪೦. ಅಂದರೆ ಹತ್ತು ಕೈಗಳಲ್ಲಿ ನಾಲ್ಕರಲ್ಲಿ, ಕಡೆಗೆ ಬೇಕಾದ ಎಲೆಯು ಮೊದಲೇ ಬಂದು ಸುಮ್ಮನೆ ಕೂತಿರುತ್ತದೆ. ಮದುವೆಯ ದಿಬ್ಬಣ ಹೊರಡುವ ಮೊದಲೇ ಬಂದು ಎಲೆಯ ಮುಂದೆ ಕೂತ ನೆಂಟನ ಹಾಗೆ. ಮೂರನ್ನು ತೆಗೆದು ಒಂದನ್ನು ಉಳಿಸಿದೆವು. ಆ ಒಂದನ್ನು ಹುಡುಕಿ ತರಲು ‘ಇನ್ಫರ್ನಲ್ ಟ್ಯೂಟರ್’ ಎಂಬ ಎಲೆಯಿದೆ. ಕೈ ಬರಿದಾಗಿದ್ದರೆ ಮಾತ್ರ ಅದು ಕಟ್ಟಿನಿಂದ ಬೇಕಾದ ಯಾವ ಎಲೆಯನ್ನಾದರೂ ಎತ್ತಿಕೊಡುತ್ತದೆ. ಮೇಲೆ ಹೇಳಿದ ವಜ್ರವೋ, ಕೈಯಲ್ಲಿದ್ದುದೆಲ್ಲವನ್ನೂ ಚೆಲ್ಲಿದರೆ ಮಾತ್ರ ಮೂರು ಅಂಶ ಶಕ್ತಿಯನ್ನು ಕೊಡುತ್ತದೆ. ಒಂದರ ಕುಂದು ಇನ್ನೊಂದರ ಅಗತ್ಯವಾಗಿ ಹೊಂದಿಕೊಳ್ಳುವ ಈ ಯುಕ್ತಿಯನ್ನು ಕಂಡು ನಾವು ಬೆರಗಾದೆವು.

ಎರಡನೆಯ ತಿದ್ದುಪಡಿ ಶಕ್ತಿಯ ಎಲೆಗಳದು. ‘ಡಾರ್ಕ್ ರಿಚುಯಲ್’ ನಾಲ್ಕು ಮಾತ್ರ ಇದ್ದರೆ ಅದೇ ೪೦. ಅದರ ಬಂಧುವಾದ ‘ಕಬಾಲ್ ರಿಚುಯಲ್’ ನಾಲ್ಕನ್ನು ಸೇರಿಸಿದರೆ ಎಂಟರಲ್ಲಿ ಒಂದಾದರೂ ಬರುವ ಸಂಭವ ೬೫ಕ್ಕೇರುತ್ತದೆ. ಬೆಲೆಯಿಲ್ಲದೆ ಹೂಡಬಹುದಾದ ‘ಲೋಟಸ್ ಪೆಟಲ್’ ನಾಲ್ಕನ್ನೂ ಸೇರಿಸಿದರೆ ಹನ್ನೆರಡಾಗಿ ೮೧ಕ್ಕೇರುತ್ತದೆ. ನಾಲ್ಕು ಎಂಟಾದಾಗ ದೊರೆತ ಲಾಭ ಇಪ್ಪತ್ತೈದು. ಎಂಟು ಹನ್ನೆರಡಾದಾಗ ಹದಿನಾರಕ್ಕಿಂತ ತುಸು ಕಡಿಮೆ. ಸುರಿದಷ್ಟೂ ಲಾಭ ಕುಂದುತ್ತಾ ಹೋಗುವದೆಂಬದನ್ನು ಹುಡುಗಿ ತಾನೇ ಕೋಷ್ಟಕ ಹಾಕಿ ಕಂಡುಕೊಂಡಳು. ಹತ್ತನೆಯ ತರಗತಿಯ ಸಂಭವನೀಯತೆಯ ಅಧ್ಯಾಯವನ್ನು ಅವಳು ಒಂಭತ್ತರಲ್ಲಿಯೇ ದಾಟಿಯಾಗಿತ್ತು.

ಮೂರನೆಯದು ಎಲ್ಲಕ್ಕಿಂತ ಕಷ್ಟದ್ದಾಯಿತು. ನಾವು ಎದುರಾಳಿಯಾಗಿ ಕೂತು, ತಡೆಯುವ ಎಲೆಗಳ ಒಂದು ಕಟ್ಟನ್ನು ಕಾಗದದಲ್ಲಿ ಮಾಡಿಕೊಂಡು ಆಡತೊಡಗಿದೆವು. ‘ಫೋರ್ಸ್ ಆಫ್ ವಿಲ್’ ಎಂಬ ಎಲೆಯನ್ನು ಶಕ್ತಿಯೇ ಇಲ್ಲದಾಗಲೂ, ಒಂದು ಜೀವವನ್ನೂ ಕೈಯಲ್ಲಿರುವ ನೀಲಿ ಬಣ್ಣದ ಇನ್ನೊಂದು ಎಲೆಯನ್ನೂ ತೆತ್ತು ಪ್ರಯೋಗಿಸಿ ಎದುರಾಳಿಯ ಪ್ರಯೋಗವನ್ನು ರದ್ದು ಮಾಡಬಹುದು. ‘ಟೆಂಡ್ರಿಲ್ಸ್’ನ ಮೂಲವೊಂದನ್ನು ತಡೆದರೆ ಪ್ರಯೋಜನ ಅಲ್ಪ, ಯಾಕಂದರೆ ಪ್ರತಿಗಳು ಉಳಿದೇ ಇರುತ್ತವೆ, ಆದರೆ ಸರಪಳಿಯ ನಡುಗೊಂಡಿಯನ್ನು ಕಡಿದರೆ ಎಲ್ಲವೂ ಕುಸಿಯುತ್ತದೆ. ಎರಡನೆಯ ಸರದಿಯಲ್ಲಿಯೇ ಗೆಲ್ಲುವೆನೆಂದು ಧಾವಿಸಿದ ಹುಡುಗಿ ಕೈಯಲ್ಲಿದ್ದುದೆಲ್ಲವನ್ನೂ ಚೆಲ್ಲಿ ಬರಿಗೈಯಾಗಿ ಕೂರುವಳು. ಹೀಗೆ ಎರಡು ಶನಿವಾರ ಸೋತಳು. ಆಮೇಲೆ ವೇಗದ ಕೆಲವು ಎಲೆಗಳನ್ನು ಕಳೆದು, ಎದುರಾಳಿಯ ಕೈಯನ್ನು ನೋಡಿ ಅದರಿಂದ ಒಂದು ಎಲೆಯನ್ನು ಕಿತ್ತುಹಾಕುವ ‘ಡ್ಯುರೆಸ್’, ‘ಥಾಟ್‌ಸೀಝ್’ ಎಂಬವುಗಳನ್ನು ಸೇರಿಸಿದೆವು. ಕಟ್ಟು ಒಂದು ಸರದಿ ನಿಧಾನವಾಯಿತು, ಗೆಲವುಗಳು ಹೆಚ್ಚಾದವು. ನೋಟುಬುಕ್ಕಿನ ಆ ಪುಟದ ಅಂಚಿನಲ್ಲಿ ಅವಳು, “ಮೊದಲು ನೋಡು, ಆಮೇಲೆ ಹೊರಡು” ಎಂದು ಬರೆದಿಟ್ಟಿದ್ದಾಳೆ.

ಇನ್ನು ಉಳಿದದ್ದು ಒಂದು ಎಲೆ. ಕಟ್ಟನ್ನು ಎಷ್ಟು ಸಾರಿ ಎಣಿಸಿದರೂ ೬೧ ಬರುತ್ತಿತ್ತು. ೬೦ ಎಂಬದು ಕನಿಷ್ಠ ಮಿತಿಯಾದ್ದರಿಂದ ೬೧ ಇರುವದು ನಿಯಮಕ್ಕೆ ವಿರುದ್ಧವಲ್ಲ. ಆದರೆ ಆ ಅರುವತ್ತೊಂದನೆಯದು ‘ಶಿವನ್ ಡ್ರಾಗನ್’ ಎಂಬ ಕೆಂಪು ಘಟಸರ್ಪ. ಅದು ನಮ್ಮ ಕಟ್ಟಿನ ಕುಲದ್ದೇ ಅಲ್ಲ. ಅದರ ಬೆಲೆ ಆರು ಅಂಶ, ಅದರಲ್ಲಿ ಎರಡು ಕೆಂಪಾಗಿರಬೇಕು. ನಮ್ಮ ಭೂಮಿಗಳೆಲ್ಲವೂ ಕಪ್ಪು, ನೀಲಿ. ಕಾಗದದ್ದಲ್ಲ, ಅಚ್ಚಾದ ನಿಜವಾದ ಎಲೆ. ಅವಳನ್ನು ಹಾಸ್ಟೆಲಿಗೆ ಬಿಟ್ಟುಹೋದ ದಿನ ಗೇಟಿನ ಬಳಿ ಅಣ್ಣನು ತನ್ನ ಅಂಗಿಯ ಜೇಬಿನಿಂದ ತೆಗೆದು ಕೊಟ್ಟದ್ದು.

ನಾವು ಲೆಕ್ಕವನ್ನು ಮುಂದಿಟ್ಟೆವು. ಒಂದು ಎಲೆ ಹೆಚ್ಚಿದ್ದರೆ ನಾಲ್ಕು ಪ್ರತಿಗಳ ಎಲೆಯು ಮೊದಲ ಕೈಯಲ್ಲಿ ಬರುವ ಸಂಭವವು ೪೦ರಿಂದ ೩೯.೪ಕ್ಕಿಳಿಯುತ್ತದೆ, ಅದು ಅಲ್ಪವೆನ್ನೋಣ. ಆದರೆ ಕಟ್ಟಿನಲ್ಲಿ ‘ಆ್ಯಡ್ ನಾಸಿಯಮ್’ ಎಂಬ ಎಲೆಯಿದೆ. ಅದನ್ನು ಹೂಡಿದಾಗ ಕಟ್ಟಿನ ಮೇಲಿನ ಎಲೆಗಳನ್ನು ಒಂದೊಂದಾಗಿ ಬೇಕಾದಷ್ಟು ಕೈಗೆ ತೆಗೆದುಕೊಳ್ಳಬಹುದು, ಆದರೆ ಪ್ರತಿಯೊಂದರ ಬೆಲೆಯಷ್ಟು ಜೀವವನ್ನು ತೆರಬೇಕು. ಅದಕ್ಕಾಗಿಯೇ ನಾವು ಸೊನ್ನೆ, ಒಂದು, ಎರಡು ಬೆಲೆಯ ಎಲೆಗಳನ್ನೇ ಹೆಚ್ಚಾಗಿ ಆರಿಸಿದ್ದೆವು. ಅಂಥಾ ಗಳಿಗೆಯಲ್ಲಿ ಡ್ರಾಗನ್ ಮೇಲೆ ಬಂದರೆ ಒಂದೇ ಏಟಿಗೆ ಆರು ಜೀವ ಹೋಗುತ್ತದೆ. “ಇದು ಸುಮ್ಮನೆ ಕೂತಿರುವ ಎಲೆಯಲ್ಲ ಮಗೂ, ನಿನ್ನನ್ನು ಕೊಲ್ಲುವ ಎಲೆ. ಕೆಲಸಕ್ಕೆ ಬಾರದ್ದನ್ನು ತೆಗೆಯದೆ ಕಟ್ಟು ಹದವಾಗದು” ಎಂದೆವು. ಲೆಕ್ಕ ಸರಿಯಾಗಿತ್ತು. ಅವಳು ಎರಡು ನಿಮಿಷ ಸುಮ್ಮನಿದ್ದು ಎಲೆಯನ್ನು ಹೊರಗೆ ತೆಗೆದಳು. ತೆಗೆಯುತ್ತಾ, ಯಾವ ಒಳ ಅರ್ಥವನ್ನೂ ಇಟ್ಟುಕೊಳ್ಳದೆ, “ಎಲೆಗೆ ತನ್ನನ್ನು ಯಾಕೆ ತೆಗೆದರೆಂದು ಗೊತ್ತಾಗುವದಿಲ್ಲ ಟೀಚರ್, ಅದೊಂದು ಒಳ್ಳೆಯದು” ಎಂದಳು.

ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಅದರ ಕಾರಣವನ್ನು ಇಲ್ಲಿ ಬರೆಯಬೇಕೆಂದೇ ಈ ಲೇಖನವನ್ನು ಆರಂಭಿಸಿದೆವು. ಇದುವರೆಗಿನದೆಲ್ಲ, ಒಂದು ಅರ್ಥದಲ್ಲಿ, ಬರೆಯಲು ಧೈರ್ಯ ತಂದುಕೊಳ್ಳುವ ಉಪಾಯವೇ ಆಗಿತ್ತು.

ನಾವು ಮುಖ್ಯೋಪಾಧ್ಯಾಯಿನಿಯಾದ ಎರಡನೆಯ ವರ್ಷ. ಹಿಂದಿನ ಎಸ್.ಎಸ್.ಎಲ್.ಸಿ.ಯಲ್ಲಿ ಮೂವರು ನಪಾಸಾಗಿದ್ದರು. ಊರಿನಲ್ಲಿ ಎಲ್ಲರ ಬಾಯಲ್ಲೂ ನೂರಕ್ಕೆ ನೂರು ಎಂಬ ಮಾತೇ. ಹೊಸಬಳಾದ ನಮಗೆ ನಮ್ಮ ಯೋಗ್ಯತೆಯನ್ನು ಬೇಗನೆ ತೋರಿಸಬೇಕೆಂಬ ಆತುರ. ಒಂಭತ್ತನೆಯ ತರಗತಿಯಲ್ಲಿ ಗಣಿತದಲ್ಲಿ ತೀರಾ ಹಿಂದುಳಿದ ಒಬ್ಬ ಹುಡುಗಿಯಿದ್ದಳು. ಅವಳ ತಂದೆಯನ್ನು ಕರೆಸಿ, ಕುರ್ಚಿ ಕೊಟ್ಟು, ಬಹಳ ಮರ್ಯಾದೆಯಿಂದ, ನಿಮ್ಮ ಮಗಳಿಗೆ ಬೇರೆ ಶಾಲೆ ಅನುಕೂಲವಾದೀತೆಂದು ತಿಳಿಸಿ ವರ್ಗಾವಣೆ ಪತ್ರವನ್ನು ಕೈಗಿತ್ತೆವು. ಆತನು ಕೈಮುಗಿದು ತೆಗೆದುಕೊಂಡು ಹೋದನು. ಮರುವರ್ಷ ಫಲಿತಾಂಶ ನೂರಕ್ಕೆ ನೂರಾಯಿತು. ಗೇಟಿಗೆ ಬಟ್ಟೆಯ ಬ್ಯಾನರು ಕಟ್ಟಿಸಿದೆವು. ಅದರ ಕೆಳಗೆ ನಿಂತು ತೆಗೆಸಿಕೊಂಡ ಚಿತ್ರವು ಆ ವರ್ಷದ ಸಂಚಿಕೆಯಲ್ಲಿ ಅಚ್ಚಾಗಿದೆ. ನಿಮ್ಮಲ್ಲಿ ಹಲವರ ಮನೆಯಲ್ಲಿ ಅದು ಇರಬಹುದು. ಆ ಹುಡುಗಿ ಬೇರಾವ ಶಾಲೆಗೂ ಸೇರಲಿಲ್ಲವೆಂಬದನ್ನು ನಾವು ತಿಳಿದದ್ದು ಎಷ್ಟೋ ಕಾಲದ ಮೇಲೆ. ಅದೂ ನಾವಾಗಿ ವಿಚಾರಿಸಿದ್ದರಿಂದಲ್ಲ. ಪೇಟೆಯ ಬಟ್ಟೆ ಅಂಗಡಿಯಲ್ಲಿ ಸೀರೆ ಮಡಚುತ್ತಿದ್ದವಳು, “ನಮಸ್ಕಾರ ಟೀಚರ್” ಎಂದದ್ದರಿಂದ. ಆಗ ನಾವು ಎರಡು ಕುಶಲದ ಮಾತನ್ನಾಡಿ ಬೇಗಬೇಗನೆ ಅಂಗಡಿಯಿಂದ ಇಳಿದು ಬಂದೆವು.

ಎಲೆಕಟ್ಟನ್ನು ಹದಗೊಳಿಸುವ ವಿದ್ಯೆಯು ನಮಗೆ ಅಷ್ಟು ಸಲೀಸಾಗಿ ಕೈಹತ್ತಿದ್ದು ಯಾಕೆಂಬದು ಆ ರಾತ್ರಿ ತಿಳಿಯಿತು. ಅದನ್ನು ನಾವು ಮೊದಲೇ ಅಭ್ಯಾಸ ಮಾಡಿದ್ದೆವು. ಎಲೆಗಳ ವಿಷಯದಲ್ಲಿ ಅದು ನ್ಯಾಯವಾದ ವಿದ್ಯೆಯೇ. ಗೆಲ್ಲುವದಕ್ಕಾಗಿಯೇ ಕಟ್ಟಿದ ಕಟ್ಟಿನಲ್ಲಿ ಗೆಲವಿಗೆ ಒದಗದ್ದನ್ನು ಕಳೆಯಬೇಕು. ಆದರೆ ತರಗತಿಯು ಕಟ್ಟಲ್ಲ, ಮತ್ತು ತೆಗೆದುಹಾಕಿದ ಮಗುವಿಗೆ ತನ್ನನ್ನು ಯಾಕೆ ತೆಗೆದರೆಂಬದು ಚೆನ್ನಾಗಿ ಗೊತ್ತಾಗುತ್ತದೆ.

ಮುಂದಿನ ಶನಿವಾರ ಹುಡುಗಿ ಬಂದಾಗ, ಡ್ರಾಗನ್ ಎಲೆ ಎಲ್ಲಿದೆ ಎಂದು ಕೇಳಿದೆವು. ಅವಳು ಡಬ್ಬಿಯ ಮುಚ್ಚಳವನ್ನು ತಿರುಗಿಸಿ ತೋರಿಸಿದಳು. ಒಳಬದಿಗೆ ಎರಡು ರಬ್ಬರು ಬಳೆಗಳಿಂದ ಅದನ್ನು ಬಿಗಿದಿದ್ದಳು. “ಕಟ್ಟಿನಲ್ಲಿ ಅರುವತ್ತು ಟೀಚರ್, ಡಬ್ಬಿಯಲ್ಲಿ ಅರುವತ್ತೊಂದು” ಎಂದಳು. ಅದನ್ನು ಕಳೆಯುವದಕ್ಕೂ ಇಟ್ಟುಕೊಳ್ಳುವದಕ್ಕೂ ನಡುವೆ ಹೀಗೊಂದು ದಾರಿಯಿದೆಯೆಂದು ನಮ್ಮ ಲೆಕ್ಕಕ್ಕೆ ಹೊಳೆದಿರಲಿಲ್ಲ.

ದಸರಾ ರಜೆಯಲ್ಲಿ ಅವಳು ತಂದೆಯ ಸಂಗಡ ಬೆಂಗಳೂರಿಗೆ ಹೋಗಿ ನಾಲ್ಕು ಪಂದ್ಯಗಳನ್ನಾಡಿ ಎರಡನ್ನು ಗೆದ್ದಳು, ಎರಡನ್ನು ಸೋತಳು. ಕೊನೆಯದನ್ನು ಸೋತದ್ದು ಎದುರಾಳಿಯ ಚಾತುರ್ಯದಿಂದಲ್ಲ. ಒಂಭತ್ತು ಪ್ರಯೋಗಗಳಾದುವೆಂದು ಎಣಿಸಿ ಹೂಡಿದಳು, ಆದದ್ದು ಎಂಟೇ. ಒಂಭತ್ತೆರಡಲ ಹದಿನೆಂಟು, ಎದುರಾಳಿಗೆ ಎರಡು ಜೀವ ಉಳಿಯಿತು, ಮರುಸರದಿಯಲ್ಲಿ ಅವನು ಗೆದ್ದನು. ಮರಳಿ ಬಂದವಳು ಇದನ್ನು ನಗುತ್ತಲೇ ಹೇಳಿ, “ಆತುರ ಪಟ್ಟೆ ಟೀಚರ್” ಎಂದಳು. ನಾವೂ ಎಂದೆವು: “ನಾವೂ ಪಟ್ಟಿದ್ದೇವೆ.” ಅವಳಿಗೆ ಅರ್ಥವಾಗಲಿಲ್ಲ, ಈಗ ಇದನ್ನು ಓದಿದರೆ ಆದೀತು.

ಆ ರಜೆಯಲ್ಲಿಯೇ ನಾವು ಬಟ್ಟೆ ಅಂಗಡಿಗೆ ಹೋದೆವು. ಗಿರಾಕಿಗಳಿಲ್ಲದ ಹೊತ್ತು ನೋಡಿ, ಅಂದು ನಿನ್ನ ತಂದೆಗೆ ನಾವು ಹೇಳಿದ್ದು ನಿನ್ನ ಅನುಕೂಲಕ್ಕಾಗಿ ಅಲ್ಲ, ನಮ್ಮ ಅನುಕೂಲಕ್ಕಾಗಿ, ಅದು ತಪ್ಪು ಎಂದು ಹೇಳಿದೆವು. ಅವಳು ಮಡಚುತ್ತಿದ್ದ ಸೀರೆಯನ್ನು ಪೂರ್ತಿ ಮಡಚಿಟ್ಟು, “ಗೊತ್ತಿತ್ತು ಟೀಚರ್” ಎಂದಳು. ಅಷ್ಟೇ. ಖಾಸಗಿ ಅಭ್ಯರ್ಥಿಯಾಗಿ ಪರೀಕ್ಷೆಗೆ ಕೂರಬಹುದೆಂದೂ, ನಾವೇ ಪಾಠ ಹೇಳುವೆವೆಂದೂ ತಿಳಿಸಿದ್ದಕ್ಕೆ ಅಂದು ಏನನ್ನೂ ಹೇಳಲಿಲ್ಲ. ಮರುವರ್ಷ ಜೂನಿನಲ್ಲಿ ಒಂದು ಭಾನುವಾರ ಮಧ್ಯಾಹ್ನ, ಕೈಯಲ್ಲೊಂದು ಹೊಸ ನೋಟುಬುಕ್ಕು ಹಿಡಿದು, ನಮ್ಮ ಮನೆಯ ಬಾಗಿಲಿಗೆ ಬಂದಳು.

ಕಳೆದ ಪರೀಕ್ಷೆಯಲ್ಲಿ ಆಕೆ ಐದು ವಿಷಯಗಳಲ್ಲಿ ತೇರ್ಗಡೆಯಾಗಿದ್ದಾಳೆ. ಗಣಿತ ಬಾಕಿಯಿದೆ. ಕಲಿಸಿದವರು ನಾವೇ ಆದ್ದರಿಂದ ಈ ಬಾಕಿಯಲ್ಲಿ ನಮ್ಮ ಪಾಲೂ ಇದೆ. ಅಂಗಡಿಯಲ್ಲಿ ಗಜ ಬೆಲೆಗಳ ಲೆಕ್ಕವನ್ನು ಬಾಯಲ್ಲೇ ನಮಗಿಂತ ಬೇಗ ಮಾಡುವವಳು ಬೀಜಾಕ್ಷರಗಳನ್ನು ಕಂಡೊಡನೆ ಪೆನ್ನು ಕೆಳಗಿಡುತ್ತಾಳೆ. ಮತ್ತೊಮ್ಮೆ ಬರೆಯುವವಳಿದ್ದಾಳೆ. ಭಾನುವಾರದ ಪಾಠ ನಡೆದಿದೆ. ತನ್ನ ವಿಷಯವನ್ನು ಇಲ್ಲಿ ಬರೆಯಲು ಆಕೆಯ ಅಪ್ಪಣೆಯನ್ನು ಕೇಳಿದೆವು. ಹೆಸರು ಹಾಕದಿದ್ದರೆ ಸರಿ ಎಂದಳು.

ಎಲೆಗಳ ಹುಡುಗಿ ನಮ್ಮ ಶಾಲೆಯನ್ನು ಮುಗಿಸಿ ಈಗ ಪಿ.ಯು.ಸಿ. ಓದುತ್ತಿದ್ದಾಳೆ. ಹೋಗುವ ದಿನ ಡಬ್ಬಿಯನ್ನು ಬೀರುವಿನಿಂದ ತೆಗೆದುಕೊಟ್ಟೆವು. ಅಕ್ಕಿಯ ಗಂಟನ್ನು ಪ್ರತಿ ಮಳೆಗಾಲದಲ್ಲಿಯೂ ತಪ್ಪದೆ ಬದಲಿಸಿದ್ದೆವು, ಒಂದು ಎಲೆಯೂ ಬಾಗಿರಲಿಲ್ಲ.

ಗೇಟಿಗೆ ಬ್ಯಾನರು ಕಟ್ಟುವ ಪದ್ಧತಿಯನ್ನು ನಾವು ನಿಲ್ಲಿಸಿದ್ದೇವೆ. ಅಂದಿನಿಂದ ನಮ್ಮ ಫಲಿತಾಂಶವು ಒಮ್ಮೆಯೂ ನೂರಕ್ಕೆ ನೂರಾಗಿಲ್ಲ. ಯಾಕೆಂದು ಸಭೆಗಳಲ್ಲಿ ಕೆಲವು ಪೋಷಕರು ಕೇಳಿದ್ದುಂಟು. ಉತ್ತರವನ್ನು ನಿಂತುಕೊಂಡು ಹೇಳುವಷ್ಟು ಧೈರ್ಯ ನಮಗೆ ಬರಲಿಲ್ಲವಾದ್ದರಿಂದ ಇಲ್ಲಿ ಬರೆದಿದ್ದೇವೆ. ಹಿಂದೆ ಈ ಶಾಲೆಯಿಂದ ಹೀಗೆಯೇ ಕೈಗೆ ಕಾಗದ ಕೊಡಲ್ಪಟ್ಟು ಹೊರಗೆ ಹೋದವರು ಇನ್ನೂ ಯಾರಾದರೂ ಇದ್ದು, ಯಾರದೋ ಮನೆಯಲ್ಲಿ ಈ ಸಂಚಿಕೆಯು ಅವರ ಕೈಗೆ ಬಿದ್ದರೆ, ಭಾನುವಾರ ಮಧ್ಯಾಹ್ನ ಎರಡರ ಮೇಲೆ ನಾವು ಮನೆಯಲ್ಲಿಯೇ ಇರುತ್ತೇವೆಂಬದನ್ನು ತಿಳಿಯಲಿ. ಬರುವಾಗ ಒಂದು ನೋಟುಬುಕ್ಕು ತಂದರೆ ಸಾಕು.